ಯಾರ ಕೈಕೆಳಗೆ ಕಲಿಯಬೇಕು? — ನಮ್ಮ ಸೀಮೆಯ ಜಾಗದ ದಲ್ಲಾಳಿಗಳ ಇತಿಹಾಸದಿಂದ ಒಂದು ಉತ್ತರ



ನನ್ನಲ್ಲಿ ಓದಿದ ಹುಡುಗರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ಜಾಗದ ವ್ಯವಹಾರಕ್ಕೆ ಇಳಿದಿದ್ದಾರೆ. ನಮ್ಮ ಹಿರಿಯರು ‘ದಲ್ಲಾಳಿ’ ಎನ್ನುತ್ತಿದ್ದ ಕಸುಬಿಗೆ ಈಗ ‘ರಿಯಲ್ ಎಸ್ಟೇಟ್ ಏಜೆಂಟ್’ ಎಂಬ ಗೌರವದ ಹೆಸರು ಬಂದಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಪೇಟೆಯಲ್ಲಿ ಇಂತಹ ಕಚೇರಿಗಳ ಫಲಕಗಳಿಗೆ ಕೊರತೆಯಿಲ್ಲ. ಹೊಸದಾಗಿ ಈ ವೃತ್ತಿಗೆ ಬರುವವರ ಪ್ರಶ್ನೆ ಒಂದೇ: ಯಾರ ಕೈಕೆಳಗೆ ಸೇರಬೇಕು? ಊರಿನ ಹಳೆಯ ದಲ್ಲಾಳಿಯೊಬ್ಬರ ಜತೆಗೋ, ಮಂಗಳೂರು ಬೆಂಗಳೂರುಗಳ ದೊಡ್ಡ ಸಂಸ್ಥೆಯ ಶಾಖೆಯಲ್ಲೋ, ಅಥವಾ ಲೇಔಟ್ ಮಾಡುವವರ ಮಾರಾಟ ವಿಭಾಗದಲ್ಲೋ? ‘ಅಲ್ಲಿ ಕಮಿಷನ್ನಿನ ಅರ್ಧ ಪಾಲು ಕೊಡುತ್ತಾರಂತೆ, ಇಲ್ಲಿ ಮುಕ್ಕಾಲು ಪಾಲು’ ಎಂಬ ಲೆಕ್ಕದಲ್ಲಿಯೇ ಅವರ ವಿಚಾರ ನಿಂತುಬಿಡುತ್ತದೆ. ಪಾಲಿನ ಲೆಕ್ಕ ಬೇಡವೆಂದು ನಾನು ಹೇಳಲಾರೆ; ಹೊಟ್ಟೆಪಾಡಿನ ಮಾತದು. ಆದರೆ ಆಯ್ಕೆಯ ನಿಜವಾದ ಅಳತೆಗೋಲು ನಮ್ಮ ಮಣ್ಣಿನ ಇತಿಹಾಸದಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ. ಚರಿತ್ರೆಯ ಮೇಷ್ಟ್ರಾದವನಿಗೆ ಬೇರೆ ದಾರಿಯೂ ತಿಳಿಯದು. ಆದ್ದರಿಂದ ಸ್ವಲ್ಪ ಹಿಂದಕ್ಕೆ ಹೋಗೋಣ.

‘ದಲ್ಲಾಳಿ’ ಎಂಬ ಪದ ಅರಬ್ಬಿಯ ‘ದಲ್ಲಾಲ್’ ಎಂಬುದರಿಂದ ಬಂದದ್ದು. ಅದರ ಮೂಲಾರ್ಥ ‘ದಾರಿ ತೋರುವವನು’ ಎಂದು. ಈ ಅರ್ಥ ಬಹಳ ಒಳ್ಳೆಯದು. ಇಂದು ಆ ಪದಕ್ಕೆ ಅಂಟಿಕೊಂಡಿರುವ ತಾತ್ಸಾರ ನಂತರದ್ದು. ದನದ ಸಂತೆಯಲ್ಲಿ ಇಬ್ಬರು ದಲ್ಲಾಳಿಗಳು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವುದನ್ನು ನಿಮ್ಮಲ್ಲಿ ಹಿರಿಯರು ಕಂಡಿರಬಹುದು. ಎತ್ತು ಕಣ್ಣೆದುರಿಗೆ ನಿಂತಿರುತ್ತದೆ. ಹಲ್ಲು ಎಣಿಸಬಹುದು, ನಡಿಗೆ ನೋಡಬಹುದು. ಜಾಗದ ಸಂಗತಿ ಹಾಗಲ್ಲ. ಗದ್ದೆ ಕಣ್ಣಿಗೆ ಕಾಣುತ್ತದೆ, ಆದರೆ ಅದರ ಮೇಲಿರುವ ಹಕ್ಕು ಕಾಣುವುದಿಲ್ಲ. ಕಾಣದ್ದನ್ನು ಕಾಣಿಸುವವನೇ ಜಾಗದ ದಲ್ಲಾಳಿ.

ನಮ್ಮ ಸೀಮೆಯಲ್ಲಿ ಈ ಕಾಣದ ಹಕ್ಕುಗಳಿಗೆ ಬಹು ಪ್ರಾಚೀನ ಚರಿತ್ರೆಯಿದೆ. ಆಳುಪರ ಕಾಲದಿಂದಲೂ ಹೆಸರಾದ ಬಾರ್ಕೂರು, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಆಡಳಿತ ಕೇಂದ್ರವಾಗಿತ್ತು. ಬಸರೂರು ಅಕ್ಕಿಯ ವ್ಯಾಪಾರದ ದೊಡ್ಡ ರೇವಾಗಿತ್ತು. 1665ರಲ್ಲಿ ಶಿವಾಜಿ ಸಮುದ್ರಮಾರ್ಗವಾಗಿ ಬಂದು ದಾಳಿ ಮಾಡುವಷ್ಟು ಸಂಪತ್ತು ಅಲ್ಲಿತ್ತು. ಈ ಊರುಗಳ ಸುತ್ತ ದೊರೆತ ಶಾಸನಗಳಲ್ಲಿ ಭೂಮಿಯನ್ನು ದಾನ ಕೊಡುವಾಗಲೂ ನಾಲ್ಕು ದಿಕ್ಕಿನ ಎಲ್ಲೆ, ಸಾಕ್ಷಿಗಳು ಮುಂತಾದವನ್ನು ಕಲ್ಲಿನಲ್ಲಿ ಕಂಡರಿಸುವ ಸಂಪ್ರದಾಯವಿತ್ತು. ‘ಚತುಸ್ಸೀಮೆ’ ಎಂಬುದು ಇಂದಿನ ಕ್ರಯಪತ್ರದ ‘ಚಕ್ಕುಬಂದಿ’ಗೆ ಅಜ್ಜನಿದ್ದಂತೆ. ಕಾಗದದ ರೂಢಿ ಬರುವ ಮುನ್ನ ಹುಣಸೆಬೀಜದ ಸರಿ ಮತ್ತು ಇದ್ದಿಲನ್ನು ಬಳಿದ ಕಪ್ಪು ಬಟ್ಟೆಯ ಮಡಿಕೆಗಳಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ‘ಕಡತ’. ಇಂದು ತಾಲೂಕು ಕಚೇರಿಯಲ್ಲಿ ‘ನಿಮ್ಮ ಕಡತ ಕಾಣುತ್ತಿಲ್ಲ’ ಎನ್ನುವಾಗ ಬಳಕೆಯಾಗುವ ಪದ ಅಷ್ಟು ಹಳೆಯದು.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕೆನರಾ ಜಿಲ್ಲೆ ಕಂಪೆನಿ ಸರಕಾರದ ವಶವಾಯಿತು. ಮೊದಲ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿ ಕಂಡ ವಿಶೇಷವೆಂದರೆ, ಭೂಮಿ ಖಾಸಗಿ ಸ್ವತ್ತಾಗಿದ್ದು ಅದನ್ನು ಮಾರುವ, ಅಡವಿಡುವ, ಗೇಣಿಗೆ ಕೊಡುವ ಹಕ್ಕುಗಳು ಜನರಲ್ಲಿ ಬೇರೂರಿದ್ದುದು. ಆದರೆ ಒಂದೇ ಗದ್ದೆಗೆ ಒಬ್ಬನೇ ಹಕ್ಕುದಾರನೆಂಬುದು ಇಲ್ಲಿ ಅಪರೂಪ. ಸರಕಾರಕ್ಕೆ ತೀರ್ವೆ ಕಟ್ಟುವ ವರ್ಗದಾರ ಒಬ್ಬ. ಅವನಿಂದ ನಿಗದಿಯಾದ ಗೇಣಿಗೆ ವಂಶಪಾರಂಪರ್ಯವಾಗಿ ಪಡೆದ ಮೂಲಗೇಣಿದಾರ ಇನ್ನೊಬ್ಬ. ವಾಯಿದೆಗೆ ಪಡೆದ ವಾಯಿದೆಗೇಣಿದಾರ ಮತ್ತೊಬ್ಬ. ಒಡೆಯನ ಇಚ್ಛೆ ಇರುವವರೆಗೆ ಮಾತ್ರ ಉಳುವ ಚಾಲಗೇಣಿದಾರ ಮಗದೊಬ್ಬ. ಇದರ ಜತೆಗೆ ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಮೇವು ಪಡೆಯುವ ‘ಕುಮ್ಕಿ’ ಸವಲತ್ತು ಬೇರೆ. ಬೈಲು, ಮಜಲು, ಬೆಟ್ಟು ಎಂದು ಗದ್ದೆಯಲ್ಲಿ ಮೂರು ತರವಿದ್ದಂತೆ ಹಕ್ಕಿನಲ್ಲಿಯೂ ಇಷ್ಟೊಂದು ಪದರಗಳು. ಮೂಲಗೇಣಿಯ ಪದರವಂತೂ ಎಷ್ಟು ಗಟ್ಟಿಯೆಂದರೆ, ಅದನ್ನು ಇತ್ಯರ್ಥಗೊಳಿಸಲೆಂದು ಕರ್ನಾಟಕದ ವಿಧಾನಮಂಡಲ 2011ರ ಪ್ರತ್ಯೇಕ ಕಾಯಿದೆಯೊಂದನ್ನು ಮಾಡಬೇಕಾಯಿತು.

1862ರಲ್ಲಿ ಉತ್ತರ ಕೆನರಾ ಬೊಂಬಾಯಿ ಪ್ರಾಂತಕ್ಕೆ ಹೋದಾಗ ಕುಂದಾಪುರ ತಾಲೂಕು ಮದರಾಸಿನಲ್ಲಿಯೇ ಉಳಿದು ದಕ್ಷಿಣ ಕೆನರಾಕ್ಕೆ ಸೇರಿತು. ಅದರ ಗುರುತು ಇಂದಿಗೂ ನಮ್ಮ ನಾಲಿಗೆಯಲ್ಲಿದೆ. ಹಳೆ ಮೈಸೂರಿನವರು ಜಾಗವನ್ನು ಗುಂಟೆಯಲ್ಲಿ ಅಳೆದರೆ ನಾವು ಮದರಾಸಿನ ಕ್ರಮದಂತೆ ಸೆಂಟ್ಸಿನಲ್ಲಿ ಅಳೆಯುತ್ತೇವೆ. ಎಕರೆಗೆ 40 ಗುಂಟೆ, ಅಥವಾ 100 ಸೆಂಟ್ಸು. ಒಂದು ಗುಂಟೆಗೆ 1,089 ಚದರ ಅಡಿ, ಒಂದು ಸೆಂಟ್ಸಿಗೆ 435.6 ಚದರ ಅಡಿ. ಬೆಂಗಳೂರಿನಿಂದ ಬಂದ ಗಿರಾಕಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳದ ದಲ್ಲಾಳಿ ಅರ್ಧ ಜಗಳವನ್ನು ಆಗಲೇ ಬಿತ್ತಿದ್ದಾನೆ. ಹಾಗೆಯೇ ಬ್ರಿಟಿಷರ ಕಾಲದ ಮೂರು ಶಾಸನಗಳು ಇಂದಿಗೂ ಈ ವೃತ್ತಿಯ ತಳಪಾಯ: 1872ರ ಕರಾರು ಕಾಯಿದೆ, 1882ರ ಸ್ವತ್ತು ವರ್ಗಾವಣೆ ಕಾಯಿದೆ ಮತ್ತು 1908ರ ನೋಂದಣಿ ಕಾಯಿದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕೆಂಬ ನಿಯಮ ಬಂದ ಬಳಿಕ ಸಬ್ ರಿಜಿಸ್ಟ್ರಾರರ ಕಚೇರಿಯ ಸುತ್ತ ದಸ್ತಾವೇಜು ಬರಹಗಾರರ ಒಂದು ಲೋಕವೇ ಹುಟ್ಟಿತು. ನನ್ನ ಬಾಲ್ಯದಲ್ಲಿ ಜಾಗ ಕೊಡುವವನು, ಕೊಳ್ಳುವವನು ಮೊದಲು ಕಾಣುತ್ತಿದ್ದುದು ಶ್ಯಾನುಭಾಗರನ್ನೋ ಅಂತಹ ಬರಹಗಾರರೊಬ್ಬರನ್ನೋ. ದಲ್ಲಾಳಿಯಾಗುವವನು ಅವರ ಜಗಲಿಯಲ್ಲಿ ಕುಳಿತು ಕಾಗದ ಓದಿ, ನಕಲು ಮಾಡಿ, ಅಡಂಗಲ್ ನೋಡಲು ಕಲಿತು, ಆಮೇಲೆ ಗಿರಾಕಿಯನ್ನು ಕಾಣುತ್ತಿದ್ದ. ಕಲಿಕೆ ಮೊದಲು, ಕಮಿಷನ್ ಆಮೇಲೆ.

ಆ ಕಲಿಕೆಯ ಅತ್ಯಂತ ಕಠಿಣ ಪಾಠ ಅಳಿಯಸಂತಾನದ್ದು. ನಮ್ಮಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಅನೇಕ ಸಮಾಜಗಳಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿದುಬಂದದ್ದು. ಯಜಮಾನ ಆಡಳಿತ ನಡೆಸಬಹುದು. ಆದರೆ ಸ್ವತ್ತು ಕುಟುಂಬದ್ದು. ಎಲ್ಲರೂ ಒಪ್ಪದೆ ಪಾಲಾಗುವಂತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ ‘ಕವರು’ಗಳಿಗೆ ಪಾಲು ಕೇಳುವ ಹಕ್ಕನ್ನು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಇನ್ನೊಂದು ತಿರುವು ತಂದಿತು. ಇದನ್ನು ಅರಿಯದೆ ಒಬ್ಬ ಯಜಮಾನನ ರುಜು ಹಾಕಿಸಿ ‘ಆಯಿತು’ ಎಂದವರು ಮಕ್ಕಳ ಕಾಲಕ್ಕೆ ದಾವೆಯನ್ನು ಆಸ್ತಿಯಾಗಿ ಬಿಟ್ಟುಹೋದರು.

ನಾನು ಹತ್ತಿರದಿಂದ ಕಂಡ ಹಿರಿಯ ದಲ್ಲಾಳಿಯೊಬ್ಬರಿದ್ದರು. ಓದಿದ್ದು ಪ್ರಾಥಮಿಕ ಶಾಲೆಯವರೆಗೆ ಮಾತ್ರ. ಒಂದು ತೋಟದ ಮಾರಾಟ ನಿಶ್ಚಯವಾಗಿ, ಮುಂಗಡವೂ ಕೈಸೇರಿ, ನೋಂದಣಿಯ ದಿನ ಗೊತ್ತಾಗಿದ್ದಾಗ, ಆ ಮನೆಯ ಒಬ್ಬ ಸಹೋದರಿ ಘಟ್ಟದ ಮೇಲೆ ಮದುವೆಯಾಗಿ ಹೋದವಳಿದ್ದಾಳೆಂದು ಅವರಿಗೆ ತಿಳಿಯಿತು. ‘ಅವಳು ಏನೂ ಕೇಳುವವಳಲ್ಲ’ ಎಂದು ಮನೆಯವರು ಹೇಳಿದರು. ‘ಕೇಳುವವಳಲ್ಲದಿದ್ದರೆ ರುಜು ಹಾಕಲು ಅಡ್ಡಿಯೇನು?’ ಎಂದು ಇವರು ಕೇಳಿದರು. ಮನೆಯವರು ಒಪ್ಪದಿದ್ದಾಗ ಮುಂಗಡವನ್ನು ಕೊಂಡವನಿಗೆ ಮರಳಿಸಿ ಕೊಡಿಸಿ, ತಮ್ಮ ಕಮಿಷನ್ನನ್ನು ಬಿಟ್ಟು ಎದ್ದು ಬಂದರು. ಆ ವರ್ಷ ಅವರ ಮನೆಯ ಮಾಡಿಗೆ ಹೊಸ ಹಂಚು ಬೀಳಲಿಲ್ಲ. ಆದರೆ ‘ಅವರು ನೋಡಿದ ಜಾಗ’ ಎಂಬ ಒಂದು ಮಾತು ಊರಿನಲ್ಲಿ ನೂರು ಕಾಗದಕ್ಕೆ ಸಮನಾಯಿತು. ಅವರ ಹಿಂದೆ ಛತ್ರಿ ಹಿಡಿದು ನಡೆದ ಹುಡುಗರು ಕಲಿತದ್ದು ಇದನ್ನು.

1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ನಿಜವಾದ ಭೂಕಂಪ ಬಂದದ್ದು 1974ರ ಮಾರ್ಚ್ 1ರಂದು. ದೇವರಾಜ ಅರಸರ ಸರಕಾರದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಗಿ, ಉಳುವವನು ಭೂನ್ಯಾಯಮಂಡಳಿಗೆ ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ ಒಡೆತನ ಕೇಳುವಂತಾಯಿತು. ನಮ್ಮ ಕಡೆ ಅದನ್ನು ‘ಡಿಕ್ಲರೇಷನ್ ಹಾಕುವುದು’ ಎನ್ನುತ್ತಿದ್ದರು. ಅರ್ಜಿಯ ಗಡುವು ಬೆಳೆಯುತ್ತಾ 1979ರ ಜೂನ್ 30ರವರೆಗೆ ಹೋಯಿತು. ಆಗ ಹೊಸ ಮೇಷ್ಟ್ರಾಗಿದ್ದ ನಾನು ಸಂಜೆಯ ಹೊತ್ತು ಶಾಲೆಯ ಜಗಲಿಯಲ್ಲಿ ಕುಳಿತು ಅಕ್ಷರ ಬಾರದವರ ಅರ್ಜಿಗಳನ್ನು ತುಂಬಿಸಿಕೊಟ್ಟಿದ್ದೇನೆ. ಹೆಬ್ಬೆಟ್ಟು ಒತ್ತುವಾಗ ನಡುಗುತ್ತಿದ್ದ ಆ ಕೈಗಳನ್ನು ಮರೆಯಲಾರೆ. ಒಡೆಯರ ಮುಖ ನೋಡಲಾಗದ ಸಂಕೋಚ ಒಂದು ಕಡೆ, ಮಕ್ಕಳಿಗೆ ನೆಲ ಸಿಕ್ಕೀತೆಂಬ ಆಸೆ ಇನ್ನೊಂದು ಕಡೆ. ಇತ್ತ ಗೇಣಿಯ ಅಕ್ಕಿಯನ್ನೇ ನಂಬಿದ್ದ ಸಣ್ಣ ಒಡೆಯರ, ವಿಧವೆಯರ ಮನೆಗಳಲ್ಲಿ ಒಲೆ ತಣ್ಣಗಾದದ್ದೂ ನಿಜ. ಎರಡೂ ಬಗೆಯ ಮನೆಗಳ ಮಕ್ಕಳು ನನ್ನ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಹೀಗೆ ಸಿಕ್ಕ ಭೂಮಿಯನ್ನು 15 ವರ್ಷ ಪರಭಾರೆ ಮಾಡಬಾರದೆಂಬ ನಿರ್ಬಂಧವನ್ನೂ ಕಾನೂನು ಇಟ್ಟಿತ್ತು.

ನನ್ನ ಶಿಷ್ಯರೇ, ನೀವು ಇಂದು ಮಾರಿಸಲು ಹೊರಟಿರುವ ಅನೇಕ ಜಾಗಗಳು ಆ ಹೆಬ್ಬೆಟ್ಟಿನ ಜಾಗಗಳು. ಅಜ್ಜ ಪಡೆದ ನಮೂನೆ 10ರ ಪ್ರಮಾಣಪತ್ರ ಮೊಮ್ಮಗನ ಕೈಯಲ್ಲಿ ಮಾರಾಟದ ಕಾಗದವಾಗಿದೆ. ಮಾರಬಾರದೆಂದು ನಾನು ಹೇಳುವುದಿಲ್ಲ. ಮಗಳ ಓದಿಗೆ, ಆಸ್ಪತ್ರೆಯ ಖರ್ಚಿಗೆ ಮಾರುವವರಿದ್ದಾರೆ. ಆದರೆ ಎರಡು ತಲೆಮಾರಿನ ಬೆವರು ಕೈಬದಲಾಗುವ ಗಳಿಗೆಯಲ್ಲಿ ನಡುವೆ ನಿಲ್ಲುವವನು ನೀನು ಎಂಬ ಎಚ್ಚರ ಬೇಕು. ಇಂದಿನ ಬ್ರಹ್ಮಾವರ ತಾಲೂಕಿಗೆ ಸೇರಿದ ಕೋಟದವರೇ ಆದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಒಂದು ಕುಟುಂಬ ತನ್ನ ನೆಲವನ್ನು ಕಳೆದುಕೊಳ್ಳುವ ಮತ್ತು ಅದರತ್ತ ಮರಳುವ ಕಥೆಯನ್ನು ಹೇಳಿದ್ದು ಇದೇ ತೀರದ ಬದುಕನ್ನು ನೋಡಿ.

ಆಮೇಲಿನ ಬದಲಾವಣೆ ನಿಮಗೆಲ್ಲ ಗೊತ್ತಿರುವಂಥದು. 1997ರಲ್ಲಿ ಉಡುಪಿ ಜಿಲ್ಲೆಯಾಯಿತು. 1998ರ ಜನವರಿ 26ರಂದು ಕೊಂಕಣ ರೈಲ್ವೆಯ ಪೂರ್ಣಮಾರ್ಗ ತೆರೆದುಕೊಂಡು ಮುಂಬಯಿ ಒಂದು ರಾತ್ರಿಯ ದೂರಕ್ಕೆ ಬಂದಿತು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ತಾಲೂಕುಗಳಾದವು. ಹೆದ್ದಾರಿ ಚತುಷ್ಪಥವಾಯಿತು. ಮುಂಬಯಿಯ ಹೋಟೆಲುಗಳಲ್ಲಿ, ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದವರು ಊರಿನಲ್ಲಿ ಮನೆ ಕಟ್ಟಲು ಹಣ ತಂದರು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳದಂತೆ ತಡೆದಿದ್ದ 79ಎ, 79ಬಿ ಕಲಮುಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. ಬೇಡಿಕೆ ಏರಿದಂತೆ ಹೊಸ ಬಗೆಯ ದಲ್ಲಾಳಿಯೂ ಹುಟ್ಟಿದ. ಒಡೆಯನಿಂದ ಸೆಂಟ್ಸಿಗೆ ಇಷ್ಟೆಂದು ಒಂದು ದರಕ್ಕೆ ಕರಾರು ಮಾಡಿಕೊಂಡು, ಗಿರಾಕಿಗೆ ಇನ್ನೊಂದು ದರ ಹೇಳಿ, ನಡುವಿನದನ್ನು ತಾನಿಟ್ಟುಕೊಳ್ಳುವವನು. ಕೆಲವರು ಇದನ್ನೇ ಚಾಣಾಕ್ಷತನವೆನ್ನುತ್ತಾರೆ. ಆದರೆ ಏಜೆಂಟನು ಯಜಮಾನನಿಗೆ ತಿಳಿಸದೆ ಅವನ ವ್ಯವಹಾರದಲ್ಲಿ ಸ್ವಂತ ಲಾಭ ಮಾಡಿಕೊಂಡರೆ ಆ ಲಾಭವನ್ನು ಯಜಮಾನ ಕೇಳಿ ಪಡೆಯಬಹುದೆಂದು 1872ರ ಕರಾರು ಕಾಯಿದೆಯ 216ನೆಯ ಕಲಮಿನಲ್ಲಿಯೇ ಬರೆದಿದೆ. ಇನ್ನು ಕೆಲವರು ಬರಿಯ ಅಧಿಕಾರಪತ್ರದ ಮೇಲೆ ಜಾಗವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಜಿಪಿಎಯಿಂದ ಒಡೆತನ ವರ್ಗವಾಗದು ಎಂದು ಸುಪ್ರೀಂ ಕೋರ್ಟು 2011ರ ಸೂರಜ್ ಲ್ಯಾಂಪ್ ತೀರ್ಪಿನಲ್ಲಿ ಸ್ಪಷ್ಟಪಡಿಸಿತು.

ಕೊನೆಗೆ 2016ರಲ್ಲಿ ಸಂಸತ್ತು ‘ರೇರಾ’ ಕಾಯಿದೆಯನ್ನು ಮಾಡಿತು. 2017ರ ಮೇ 1ರಿಂದ ಅದು ಪೂರ್ಣವಾಗಿ ಜಾರಿಗೆ ಬಂದು, ಅದೇ ಜುಲೈಯಲ್ಲಿ ಕರ್ನಾಟಕದ ನಿಯಮಗಳು ಬಂದವು. ಜಾಗದ ಏಜೆಂಟನಿಗೆ ಈ ಕಾಯಿದೆಯ ಪುಟದಲ್ಲಿ ಪ್ರತ್ಯೇಕ ಸ್ಥಾನ ಸಿಕ್ಕಿತು. ಏಜೆಂಟನು ನೋಂದಾಯಿಸಿಕೊಳ್ಳಬೇಕು, ನೋಂದಣಿಯಾಗದ ಯೋಜನೆಯ ನಿವೇಶನ, ಫ್ಲಾಟುಗಳನ್ನು ಮಾರಿಸಬಾರದು, ಲೆಕ್ಕಪತ್ರಗಳನ್ನು ಇಡಬೇಕು, ಸುಳ್ಳು ಭರವಸೆ ಕೊಡಬಾರದು. ಉಲ್ಲಂಘಿಸಿದರೆ ದಿನಕ್ಕೆ 10,000 ರೂಪಾಯಿಯಂತೆ, ಸ್ವತ್ತಿನ ಬೆಲೆಯ ಶೇಕಡ 5ರವರೆಗೆ ದಂಡ. ಕರ್ನಾಟಕದ 2017ರ ನಿಯಮಗಳು ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ ರೂಪಾಯಿ ನೋಂದಣಿ ಶುಲ್ಕವನ್ನು ಗೊತ್ತುಪಡಿಸಿದವು.

ಆದರೆ ಇದರ ಮಿತಿಯನ್ನೂ ತಿಳಿಯಬೇಕು. 500 ಚದರ ಮೀಟರನ್ನು ಮೀರದ ಜಾಗದ ಅಥವಾ ಎಂಟನ್ನು ಮೀರದ ಫ್ಲಾಟುಗಳ ಯೋಜನೆಗೆ ನೋಂದಣಿಯ ಕಡ್ಡಾಯವಿಲ್ಲ. 500 ಚದರ ಮೀಟರೆಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಹನ್ನೆರಡೂಕಾಲು ಸೆಂಟ್ಸು. ಹಳೆಯ ಮನೆ, ಅಡಿಕೆ ತೋಟ, ಬೆಟ್ಟು ಗದ್ದೆಗಳ ಕ್ರಯ ಸಾಮಾನ್ಯವಾಗಿ ಈ ಕಾಯಿದೆಯ ವ್ಯಾಪ್ತಿಗೇ ಬರುವುದಿಲ್ಲ. ಅಂದರೆ ನಮ್ಮ ಮೂರು ತಾಲೂಕುಗಳ ಹಳ್ಳಿಗಳಲ್ಲಿ ನಡೆಯುವ ಇಂತಹ ವ್ಯವಹಾರಗಳಲ್ಲಿ ಕಾಯುವವನು ರೇರಾ ಅಲ್ಲ. ದಲ್ಲಾಳಿಯ ವಿದ್ಯೆ ಮತ್ತು ಮನಸ್ಸಾಕ್ಷಿ. ಆ ವಿದ್ಯೆಯನ್ನು ಪರೀಕ್ಷಿಸುವ ವ್ಯವಸ್ಥೆಯೂ ಆ ಕೇಂದ್ರ ಕಾಯಿದೆಯಲ್ಲಿ ಇಲ್ಲ. ಮಹಾರಾಷ್ಟ್ರ 2023ರಲ್ಲಿ ಏಜೆಂಟರಿಗೆ ತರಬೇತಿ ಮತ್ತು ಪರೀಕ್ಷೆಯ ಕ್ರಮವನ್ನು ತಂದಿತು. ಅಮೆರಿಕದ ರಾಜ್ಯಗಳಲ್ಲಿ ಹೊಸ ಏಜೆಂಟ್ ಪರೀಕ್ಷೆ ಮುಗಿಸಿದ ಮೇಲೂ ಒಬ್ಬ ಬ್ರೋಕರನ ಆಶ್ರಯದಲ್ಲಿಯೇ ಕೆಲಸ ಮಾಡಬೇಕೆಂಬ ನಿಯಮವಿದೆ. ನಮ್ಮಲ್ಲಿ ಹಾಗೆ ಯಾರ ಕೈಕೆಳಗೂ ಸೇರಲೇಬೇಕೆಂಬ ಕಟ್ಟಳೆಯಿಲ್ಲ. ಕಟ್ಟಳೆಯಿಲ್ಲದ ಕಡೆ ಆಯ್ಕೆಯ ಭಾರ ಹೆಚ್ಚು.

ಹಾಗಾದರೆ ಹೇಗೆ ಆರಿಸಬೇಕು? ಮೊದಲು, ಆ ಕಚೇರಿಯವರು ಯಾವ ಯಾವ ವ್ಯವಹಾರಗಳನ್ನು ಬೇಡವೆಂದು ಬಿಟ್ಟಿದ್ದಾರೆಂದು ಕೇಳಿ. ಮಾರಿದ್ದರ ಪಟ್ಟಿಯನ್ನು ಎಲ್ಲರೂ ತೋರಿಸುತ್ತಾರೆ. ಬಿಟ್ಟದ್ದರ ಪಟ್ಟಿ ಇರುವವನೇ ಗುರು. ಕುಮ್ಕಿಯನ್ನು ವರ್ಗವೆಂದು ತೋರಿಸಿ ಮಾರಿಸುವವರಲ್ಲಿ, ಸೌಪರ್ಣಿಕೆ, ವಾರಾಹಿಗಳ ಉಪ್ಪುನೀರಿನ ದಡದ ಜಾಗಕ್ಕೆ 1991ರಿಂದ ಬಂದ ಕರಾವಳಿ ನಿಯಂತ್ರಣ ವಲಯದ ನಿರ್ಬಂಧವನ್ನು ಮುಚ್ಚಿಡುವವರಲ್ಲಿ ಕಲಿಯುವುದೇನೂ ಇಲ್ಲ. ಎರಡನೆಯದು, ಮೊದಲ ಆರು ತಿಂಗಳು ನಿಮಗೆ ಏನು ಕೆಲಸ ಕೊಡುತ್ತಾರೆಂದು ತಿಳಿಯಿರಿ. ಬರಿಯ ಫೋನು ಮಾಡಿಸುವ ಕಚೇರಿಯಾದರೆ ನೀವು ಧ್ವನಿಯನ್ನು ಮಾತ್ರ ಮಾರುತ್ತೀರಿ. ಪಹಣಿ, ಋಣಭಾರ ಪತ್ರ, 11ಇ ನಕ್ಷೆ, ಭೂಪರಿವರ್ತನೆಯ ಆದೇಶ, ವಂಶವೃಕ್ಷ ಇವನ್ನು ಓದಲು ಕಲಿಸುವ ಕಚೇರಿಯಾದರೆ ಸಂಬಳ ಕಡಿಮೆಯಾದರೂ ಸೇರಿ. ಮೂರನೆಯದು, ಅವರ ಗಳಿಕೆ ಕಮಿಷನ್ನಿನಿಂದಲೋ ಮೇಲಿನ ದರದಿಂದಲೋ ಎಂದು ನೋಡಿ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವುದಕ್ಕೆ ಆದಾಯತೆರಿಗೆಯ ಕಾನೂನು ನಿಷೇಧ ಹಾಕಿದೆ. ಚೀಲದಲ್ಲಿ ಹಣ ಹೊರಿಸುವ ಯಜಮಾನ ನಾಳೆ ನಿಮ್ಮನ್ನೇ ಸಾಕ್ಷಿಯಾಗಿ ನಿಲ್ಲಿಸಿಯಾನು. ನಾಲ್ಕನೆಯದು, ಲೇಔಟ್, ಫ್ಲಾಟುಗಳ ಕೆಲಸವಾದರೆ ಅವರ ರೇರಾ ಸಂಖ್ಯೆಯನ್ನು ಕೇಳಿ, ಪ್ರಾಧಿಕಾರದ ಜಾಲತಾಣದಲ್ಲಿ ತಾಳೆ ನೋಡಿ. ಐದನೆಯದು, ನಿಮ್ಮ ಪಾಲೆಷ್ಟು, ಅದು ಯಾವಾಗ ಕೈಸೇರುತ್ತದೆ, ನೀವು ಬಿಟ್ಟುಹೋದರೆ ನಡುವಿನಲ್ಲಿರುವ ವ್ಯವಹಾರ ಯಾರದು ಎಂಬುದನ್ನು ಬರೆಹದಲ್ಲಿ ಪಡೆಯಿರಿ. ಊರಿಗೆಲ್ಲ ಕರಾರುಪತ್ರ ಮಾಡಿಸುವವನು ತನ್ನದನ್ನು ಬಾಯಿಮಾತಿನಲ್ಲಿ ಬಿಡಬಾರದು.

ಈಗ ಪಾಲಿನ ಲೆಕ್ಕಕ್ಕೂ ಬರೋಣ. ನಲವತ್ತು ಲಕ್ಷದ ಮನೆಯೊಂದಕ್ಕೆ ಶೇಕಡ 1ರ ಕಮಿಷನ್ ಎಂದರೆ 40,000 ರೂಪಾಯಿ. ಅರ್ಧ ಪಾಲು ಕೊಡುವಲ್ಲಿ ನಿಮಗೆ 20,000. ಮುಕ್ಕಾಲು ಕೊಡುವಲ್ಲಿ 30,000. ವ್ಯತ್ಯಾಸ 10,000 ರೂಪಾಯಿ. ಒಂದು ರುಜು ತಪ್ಪಿದ ಕ್ರಯದಿಂದ ಹುಟ್ಟುವ ದಾವೆಯಲ್ಲಿ ಕೊಂಡವನು ಕಳೆದುಕೊಳ್ಳುವುದು ನಲವತ್ತು ಲಕ್ಷ. ನೀವು ಕಳೆದುಕೊಳ್ಳುವುದು ಹೆಸರು. ದೊಡ್ಡ ನಗರದಲ್ಲಿ ಹೆಸರು ಕೆಟ್ಟರೆ ಬಡಾವಣೆ ಬದಲಿಸಬಹುದು. ಕೋಟದಿಂದ ಶಿರೂರಿನವರೆಗೆ ಎಲ್ಲರೂ ಎಲ್ಲರಿಗೂ ನೆಂಟರಾಗಿರುವ ನಮ್ಮಲ್ಲಿ ಅದು ಸಾಧ್ಯವಿಲ್ಲ. ಆ 10,000 ರೂಪಾಯಿಯನ್ನು ಗುರುದಕ್ಷಿಣೆಯೆಂದು ತಿಳಿದರೆ ಅಷ್ಟು ಕಡಿಮೆ ಶುಲ್ಕದ ವಿದ್ಯಾಲಯ ಬೇರೊಂದಿಲ್ಲ.

ದೊಡ್ಡ ಸಂಸ್ಥೆಯೆಂದು ಹೆದರಬೇಕಾಗಿಲ್ಲ, ಸಣ್ಣ ಅಂಗಡಿಯೆಂದು ಹಗುರವಾಗಿ ಕಾಣಬೇಕಾಗಿಯೂ ಇಲ್ಲ. ದೊಡ್ಡವರಲ್ಲಿ ಲೆಕ್ಕಪತ್ರದ ಶಿಸ್ತಿರಬಹುದು, ಮೂಲಗೇಣಿ ಎಂದರೇನೆಂದು ತಿಳಿಯದಿರಬಹುದು. ಸಣ್ಣವರಲ್ಲಿ ಮೂರು ತಲೆಮಾರಿನ ಮಾಹಿತಿಯಿರಬಹುದು, ರಸೀದಿ ಪುಸ್ತಕವಿಲ್ಲದಿರಬಹುದು. ಎರಡೂ ಇರುವಲ್ಲಿ ಸೇರಿದವನು ಪುಣ್ಯವಂತ. ಒಂದೇ ಸಿಕ್ಕುವುದಾದರೆ ಮೊದಲು ನೆಲವನ್ನು ಬಲ್ಲವನನ್ನು ಆರಿಸಿ. ಶಿಸ್ತನ್ನು ನೀವೇ ತರಬಹುದು, ಶಾಲೆಯಲ್ಲಿ ಕಲಿತಿದ್ದೀರಲ್ಲ.

ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಳೆಯ ಗೇಣಿ ಚೀಟು, ನ್ಯಾಯಮಂಡಳಿಯ ಆದೇಶ, ಪಾಲುಪಟ್ಟಿಗಳಿದ್ದರೆ ಗೆದ್ದಲು ತಿನ್ನುವ ಮೊದಲು ತೆಗೆದು ನಕಲು ಮಾಡಿಸಿಡಿ. ಜಾಗ ಮಾರುವ ಯೋಚನೆ ಇರಲಿ, ಇಲ್ಲದಿರಲಿ, ಅದನ್ನು ಮಕ್ಕಳಿಗೆ ಓದಿ ಹೇಳಿ. ಈ ಕಸುಬಿನ ಹಿರಿಯರ ಬಗ್ಗೆ ನಿಮಗೆ ನೆನಪಿರುವ ಸಂಗತಿಗಳನ್ನು ಬರೆದು ತಿಳಿಸಿದರೆ ಇನ್ನೊಮ್ಮೆ ಅದನ್ನೇ ವಿಸ್ತರಿಸಿ ಬರೆಯುವೆ.